ಉರ್ದು ಡ್ರಾಮಾದ ಹೆಂಗಸರು ಯಾಕೆ ಇಷ್ಟೊಂದು ಸಹಿಸಿಕೊಳ್ಳುತ್ತಾರೆ ಮಾರಾಯ್ರೇ?

ಅಡಿಕೆಚಪ್ಪರ, ತೀರ್ಥಹಳ್ಳಿ

ಪಾಕಿಸ್ತಾನದ ಉರ್ದು ಡ್ರಾಮಾ, ಅಂದರೆ ಅವರ ಟಿವಿ ಧಾರಾವಾಹಿ, ನೋಡುವವರು ಇಲ್ಲಿ ಯಾರಾದರೂ ಇದ್ದೀರಾ? ನಾನು ಶುರು ಮಾಡಿದ್ದು 2014ರಲ್ಲಿ, ಜೀ ಅವರ ಜಿಂದಗಿ ಚಾನೆಲ್ ಬಂದಾಗ. ನಮ್ಮ ಮನೆಯಲ್ಲಿ ಉರ್ದು ಯಾರಿಗೂ ಬರುವುದಿಲ್ಲ, ಶಾಲೆಯಲ್ಲಿ ಕಲಿತ ಹಿಂದಿಯಲ್ಲೇ ಸುಧಾರಿಸಿಕೊಂಡೆವು. 2016ರಲ್ಲಿ ಉರಿ ದಾಳಿ ಆದ ಮೇಲೆ ಆ ಚಾನೆಲ್‌ನಲ್ಲಿ ಪಾಕಿಸ್ತಾನದ ಡ್ರಾಮಾ ನಿಂತಿತು. ಆಮೇಲೆ ಯೂಟ್ಯೂಬ್. 2025ರಲ್ಲಿ ಪಹಲ್ಗಾಮ್ ಆದ ಮೇಲೆ ಅದೂ ಬಂದ್. ಆ ರಾಜಕೀಯ ಇಲ್ಲಿ ಬೇಡ, ದಯವಿಟ್ಟು. ನಾನು ಕೇಳುವುದು ಬೇರೆ.

ಎಲ್ಲರೂ ಹೇಳುವುದು ಒಂದೇ ಮಾತು. ಅವರ ಡ್ರಾಮಾ ನಮ್ಮ ಸೀರಿಯಲ್‌ಗಿಂತ ಎಷ್ಟೋ ಮೇಲು, ಸಾವಿರ ಎಪಿಸೋಡ್ ಎಳೆಯುವುದಿಲ್ಲ, ಮಲಗುವಾಗಲೂ ಜರತಾರಿ ಸೀರೆ ಇಲ್ಲ, ಸಿಡಿಲಿನ ಸೌಂಡ್ ಹಾಕಿ ಅತ್ತೆಯ ಮುಖವನ್ನು ಮೂರು ಸಲ ತೋರಿಸುವುದಿಲ್ಲ. ಒಪ್ಪಿದೆ. ಆದರೆ ಹೆಂಗಸರ ಕಥೆ ಏನು?

ಹಮ್‌ಸಫರ್ ತಗೊಳ್ಳಿ. 2011ರದ್ದು, ಮಾಹಿರಾ ಖಾನ್, ಫವಾದ್ ಖಾನ್. ಜಿಂದಗಿಯಲ್ಲಿ ಬಂದಾಗ ನಾನು, ಅತ್ತಿಗೆ ಇಬ್ಬರೂ ಅಡಿಕೆ ಸುಲಿಯುತ್ತಾ ನೋಡಿ ಗೋಳೋ ಅಂತ ಅತ್ತಿದ್ದೇವೆ. ಖಿರದ್ ಅನ್ನೋ ಹುಡುಗಿ, ಮೆತ್ತಗಿನವಳು, ಓದಿದವಳು. ಅತ್ತೆ ಫರೀದಾ ಸಂಚು ಮಾಡಿ ಸೊಸೆಗೆ ಕೆಟ್ಟ ಹೆಸರು ಕಟ್ಟುತ್ತಾಳೆ. ಗಂಡ ಅಶರ್ ಒಂದು ಮಾತು ಕೂತು ಕೇಳದೆ ನಂಬಿಬಿಡುತ್ತಾನೆ. ಬಸುರಿಯನ್ನು ರಾತ್ರೋರಾತ್ರಿ ಹೊರಗೆ ಹಾಕುತ್ತಾರೆ. ಆಕೆ ವರ್ಷಗಟ್ಟಲೆ ಒಬ್ಬಳೇ ಮಗಳನ್ನು ಸಾಕಿ, ಆ ಮಗುವಿನ ಹೃದಯದ ಆಪರೇಷನ್‌ಗೆ ದುಡ್ಡಿಲ್ಲದೆ ಅದೇ ಗಂಡನ ಮುಂದೆ ಬಂದು ನಿಲ್ಲುತ್ತಾಳೆ. ಕೊನೆಗೆ ಕ್ಷಮಿಸುತ್ತಾಳೆ. ನಾವು ಕಣ್ಣೊರೆಸಿಕೊಂಡೆವು. ಆದರೆ ಅಶರ್‌ನನ್ನು ಪ್ರೀತಿಸಿ ಅವನ ಆಫೀಸಿನಲ್ಲೇ ಕೆಲಸ ಮಾಡುವ ಸಾರಾ ಇದ್ದಾಳಲ್ಲ, ಅವಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಅತ್ತೆಗೆ ಬುದ್ಧಿ ಕೆಡುತ್ತದೆ. ಹೆಂಡತಿಯ ಮಾತು ಕೇಳದ ಅಶರ್‌ಗೆ ಎಂತ ಆಯಿತು? ಹೆಂಡತಿ ಸಿಕ್ಕಿದಳು, ಮಗಳೂ ಸಿಕ್ಕಿದಳು!

ಈಗ ಯೋಚಿಸಿದರೆ ಮೈ ಉರಿಯುತ್ತದೆ. ಅತ್ತಿಗೆ ಹೇಳುತ್ತಾಳೆ, ನಡೆಯುವುದೇ ಹಾಗಲ್ವಾ, ಇದ್ದದ್ದನ್ನು ತೋರಿಸಿದ್ದಾರೆ ಅಂತ. ನನಗೆ ಅದು ಒಪ್ಪಿಗೆ ಇಲ್ಲ. ಇದ್ದದ್ದನ್ನು ತೋರಿಸುವುದು ಬೇರೆ, ಹೀಗೇ ಇರಬೇಕು ಅಂತ ಮೆಲ್ಲಗೆ ಹೇಳಿಕೊಡುವುದು ಬೇರೆ. ಜಾಸ್ತಿ ನೋಡಿದವರು ಹೇಳಿ, ಎಲ್ಲ ಡ್ರಾಮಾನೂ ಹೀಗೇನಾ?

ದಖನಿಮನೆ, ಶಿವಮೊಗ್ಗ

ಎಲ್ಲ ಹೀಗಲ್ಲ ಅಕ್ಕ. ನೀವು ಹಮ್‌ಸಫರ್‌ನಿಂದ ಶುರು ಮಾಡಿದ್ದೀರಿ, ನನ್ನ ಅಮ್ಮಿ ಅದಕ್ಕೆ ಮೂವತ್ತು ವರ್ಷ ಹಿಂದಿನಿಂದ ಶುರು ಮಾಡಿದವರು. ಗಲ್ಫ್‌ನಿಂದ ಬರುವ ನೆಂಟರು ವಿಸಿಆರ್ ಕ್ಯಾಸೆಟ್ ತರುತ್ತಿದ್ದರು. ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ಊಟ ಮುಗಿಸಿ ನಮ್ಮ ಮನೆಯ ನಡುಮನೆಯಲ್ಲಿ ಕೂರುತ್ತಿದ್ದರಂತೆ. ನಾವು ಮನೆಯಲ್ಲಿ ಆಡುವ ದಖನಿಗೂ ಕರಾಚಿಯ ಉರ್ದುವಿಗೂ ಅಜಗಜಾಂತರ. ಆದರೂ ಯಾರೂ ಎದ್ದು ಹೋಗುತ್ತಿರಲಿಲ್ಲ.

ಆಗ ಅಲ್ಲಿ ಇದ್ದದ್ದು ಪಿಟಿವಿ ಒಂದೇ, ಪಾಕಿಸ್ತಾನ ಟೆಲಿವಿಷನ್ ಅಂತ, ಸರ್ಕಾರದ್ದು. 1964ರಲ್ಲಿ ಲಾಹೋರ್‌ನಲ್ಲಿ ಶುರುವಾಗಿದ್ದು. ಅದಕ್ಕೆ ಹಸೀನಾ ಮೊಯಿನ್ ಅನ್ನುವವರು ಬರೆಯುತ್ತಿದ್ದರು. ಹುಟ್ಟಿದ್ದು ಕಾನ್ಪುರದಲ್ಲಿ, ವಿಭಜನೆ ಆದ ಮೇಲೆ ಆ ಕಡೆ ಹೋದವರು, 2021ರಲ್ಲಿ ತೀರಿಕೊಂಡರು. ಅವರು ಬರೆದ ಹುಡುಗಿಯರನ್ನು ನೀವು ನೋಡಬೇಕು. 1982ರ ಅನ್‌ಕಹಿಯಲ್ಲಿ ಸನಾ ಅಂತ ಒಬ್ಬಳು. ಬಾಯಿ ಮುಚ್ಚುವುದೇ ಇಲ್ಲ, ಕೆಲಸಕ್ಕೆ ಸೇರುತ್ತಾಳೆ, ಎಡವಟ್ಟು ಮಾಡುತ್ತಾಳೆ, ಮತ್ತೆ ನಗುತ್ತಾಳೆ. 1985ರ ತನ್ಹಾಯಿಯಾಂನಲ್ಲಿ ಅಪ್ಪ ಅಮ್ಮ ಅಪಘಾತದಲ್ಲಿ ಸತ್ತ ಮೇಲೆ ಇಬ್ಬರು ಅಕ್ಕತಂಗಿಯರು ಚಿಕ್ಕಮ್ಮನ ಮನೆಗೆ ಬರುತ್ತಾರೆ. ದೊಡ್ಡವಳು ಜಾರಾಗೆ ಒಂದೇ ಹಟ, ಕೈ ತಪ್ಪಿ ಹೋದ ಅಪ್ಪನ ಮನೆಯನ್ನು ದುಡಿದು ವಾಪಸ್ ಕೊಳ್ಳಬೇಕು. 1987ರ ಧೂಪ್ ಕಿನಾರೆಯಲ್ಲಿ ನಾಯಕಿ ಡಾಕ್ಟರ್. ಆಸ್ಪತ್ರೆಯಲ್ಲೇ ತುಂಟಾಟ ಮಾಡಿ ಸೀನಿಯರ್ ಡಾಕ್ಟರ್ ಹತ್ತಿರ ಬೈಸಿಕೊಳ್ಳುವವಳು. ಅದನ್ನು ನಿರ್ದೇಶಿಸಿದ್ದೂ ಹೆಂಗಸೇ, ಸಾಹಿರಾ ಕಾಜ್ಮಿ.

ಈ ಮೂರೂ ಬಂದಿದ್ದು ಅಲ್ಲಿಯ ಸೇನಾ ಸರ್ವಾಧಿಕಾರಿ ಜನರಲ್ ಜಿಯಾ ಉಲ್ ಹಕ್ ಕಾಲದಲ್ಲಿ. ಟಿವಿಯಲ್ಲಿ ಬರುವ ಹೆಂಗಸರು ತಲೆ ಮೇಲೆ ದುಪಟ್ಟಾ ಹಾಕಲೇಬೇಕು ಅಂತ ಹುಕುಂ ಇದ್ದ ಕಾಲ. ಮೆಹ್ತಾಬ್ ರಾಶ್ದಿ ಅನ್ನುವ ನಿರೂಪಕಿ, ಹಾಕುವುದಿಲ್ಲ ಅಂತ ಹೇಳಿ ಟಿವಿಯನ್ನೇ ಬಿಟ್ಟರು. ಅಂಥ ಕಾಲದಲ್ಲಿ ಡ್ರಾಮಾದ ಹುಡುಗಿಯರು ಹೀಗೆ ಓಡಾಡಿಕೊಂಡಿದ್ದರು. ಆಮೇಲೆ ಖಾಸಗಿ ಚಾನೆಲ್ ಬಂದವು, ಎಆರ್‌ವೈ, ಜಿಯೋ, 2005ರಲ್ಲಿ ಹಮ್ ಟಿವಿ. ಸ್ವಾತಂತ್ರ್ಯ ಜಾಸ್ತಿ ಆಯಿತು, ಹುಡುಗಿಯರ ಅಳುವೂ ಜಾಸ್ತಿ ಆಯಿತು! ಇಲ್ಲಿ ತಪ್ಪು ನಮ್ಮದೂ ಇದೆ. 2000ದ ನಂತರ ನಮ್ಮ ಹಿಂದಿ ಅತ್ತೆ ಸೊಸೆ ಸೀರಿಯಲ್‌ಗಳು ಕೇಬಲ್‌ನಲ್ಲಿ ಅಲ್ಲಿಯ ಮನೆಮನೆಗೂ ಹೋದವು. ಅಲ್ಲಿಯ ಚಾನೆಲ್‌ನವರು ಅದನ್ನು ನೋಡಿ ಪಾಠ ಕಲಿತರು. ನಾವು ರಫ್ತು ಮಾಡಿದ್ದು ಹತ್ತು ವರ್ಷ ಬಿಟ್ಟು ಸ್ವಲ್ಪ ಸಭ್ಯವಾದ ಪ್ಯಾಕೆಟ್‌ನಲ್ಲಿ ನಮಗೇ ವಾಪಸ್ ಬಂತು.

ಇನ್ನೊಂದು ಸುಮ್ನೆ ಹೇಳುತ್ತೇನೆ. ಪಿಟಿವಿಯ ಇನ್ನೊಬ್ಬ ದೊಡ್ಡ ಲೇಖಕಿ ಫಾತಿಮಾ ಸುರಯ್ಯಾ ಬಜಿಯಾ ಹುಟ್ಟಿದ್ದು ನಮ್ಮ ರಾಯಚೂರಿನಲ್ಲಿ, 1930ರಲ್ಲಿ. ಆಗ ಅದು ನಿಜಾಮರ ಸೀಮೆ.

ಭದ್ರೆದಂಡೆ, ಭದ್ರಾವತಿ

ನಾನೂ ನೋಡುತ್ತೇನೆ, ಗಂಡಸರು ನೋಡಬಾರದು ಅಂತ ಇಲ್ಲವಲ್ಲ. ಅಡಿಕೆಚಪ್ಪರ ಮೇಡಂ, ನಿಮ್ಮ ಮಾತು ಒಂದೇ ಕಡೆಗೆ ವಾಲಿದೆ. ಮೇರೆ ಪಾಸ್ ತುಮ್ ಹೋ ನೋಡಿದ್ದೀರಾ? 2019ರದ್ದು. ಅದರಲ್ಲಿ ಸಹಿಸಿಕೊಳ್ಳುವವನು ಗಂಡ. ದಾನಿಶ್, ಲಂಚ ಮುಟ್ಟದ ಸರ್ಕಾರಿ ನೌಕರ, ಹೆಂಡತಿ ಅಂದರೆ ಪ್ರಾಣ. ಹೆಂಡತಿ ಮೆಹವಿಶ್ ದುಡ್ಡಿರುವವನ ಹಿಂದೆ ಹೋಗುತ್ತಾಳೆ, ಚಿಕ್ಕ ಮಗನನ್ನೂ ಬಿಟ್ಟು. ಅಂಥ ಹೆಂಗಸರೇ ಇಲ್ಲ ಅಂತೀರಾ? ಕೊನೆಯ ಎಪಿಸೋಡನ್ನು 2020ರ ಜನವರಿಯಲ್ಲಿ ಸಿನಿಮಾ ಟಾಕೀಸಿನಲ್ಲೇ ತೋರಿಸಿದರು. ಜನಕ್ಕೆ ಸತ್ಯ ಅನಿಸದಿದ್ದರೆ ಟಿಕೆಟ್ ತಗೊಂಡು ಹೋಗುತ್ತಿದ್ದರಾ? ಅದು ಒಬ್ಬಳ ಕಥೆ, ಅಷ್ಟೇ. ಪ್ರತಿ ಪಾತ್ರವನ್ನೂ ಇಡೀ ಹೆಂಗಸರ ಕುಲಕ್ಕೆ ಹಚ್ಚಿದರೆ ಕಥೆ ಬರೆಯುವುದು ಹೇಗೆ?

ಅಡಿಕೆಚಪ್ಪರ, ತೀರ್ಥಹಳ್ಳಿ

ನೋಡಿದ್ದೇನೆ ಸರ್. ಪೂರ್ತಿ ನೋಡಿದ್ದೇನೆ. ಮೆಹವಿಶ್ ತಪ್ಪು ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ದಾನಿಶ್ ಬಾಯಲ್ಲಿ ಆ ಎರಡು ಕಾಸಿನ ಹೆಂಗಸು ಅನ್ನೋ ಡೈಲಾಗ್ ಬಂತಲ್ಲ, ಅದನ್ನು ಬರೆದವರು ಕಥೆಯೊಳಗೇ ಬಿಟ್ಟರಾ? ಲೇಖಕ ಖಲೀಲುರ್ ರೆಹಮಾನ್ ಕಮರ್ ಆಮೇಲೆ ಟಿವಿಯಲ್ಲಿ ಕೂತು ಹೆಂಗಸರ ಬಗ್ಗೆ ಅದೇ ಧಾಟಿಯಲ್ಲಿ ಮಾತಾಡಿ ಜಗಳ ಕಟ್ಟಿಕೊಂಡರು. ನೀವು ಒಬ್ಬಳ ಕಥೆ ಅಂತೀರಿ, ಬರೆದವರಿಗೇ ಹಾಗೆ ಅನಿಸಿರಲಿಲ್ಲ.

ಅಲ್ಲಿಯೂ ಎಷ್ಟೋ ಹೆಂಗಸರು ಸಿಟ್ಟಾದರು. ಕೊನೆಯ ಎಪಿಸೋಡ್ ತಡೆಯಿರಿ ಅಂತ ಲಾಹೋರ್‌ನಲ್ಲಿ ಒಬ್ಬರು ಕೋರ್ಟಿಗೇ ಹೋದರು. ನನಗೆ ಆ ಕೋರ್ಟ್ ಕೇಸು ಅತಿ ಅನಿಸಿತು, ಅದು ಬೇರೆ ಮಾತು.

ಅಂದಹಾಗೆ ಟಾಕೀಸ್ ತುಂಬಿತು ಅಂದರೆ ಸತ್ಯ ಅಂತ ಅರ್ಥವಾ? ನಮ್ಮೂರಲ್ಲಿ ಯಾವ್ಯಾವುದಕ್ಕೆಲ್ಲ ಟಾಕೀಸ್ ತುಂಬಿದೆ ಅಂತ ಗೊತ್ತಲ್ಲ ಸರ್.

ಮೇಷ್ಟ್ರು, ಸಾಗರ

ನಾನು ಉರ್ದು ಡ್ರಾಮಾ ಜಾಸ್ತಿ ನೋಡಿದವನಲ್ಲ. ಮಗಳ ಒತ್ತಾಯಕ್ಕೆ ಜಿಂದಗಿ ಗುಲ್ಜಾರ್ ಹೈ ಒಂದನ್ನು ಪೂರ್ತಿ ನೋಡಿದೆ. ನೋಡುವಾಗ ಒಂದು ತಮಾಷೆ ಕಂಡಿತು, ಯಾರಾದರೂ ಗಮನಿಸಿದ್ದೀರೋ ಇಲ್ಲವೋ.

ಗಂಡು ಮಗು ಆಗಲಿಲ್ಲ ಅಂತ ಗಂಡ ಇನ್ನೊಂದು ಮದುವೆ ಮಾಡಿಕೊಂಡು ಹೋಗಿದ್ದಾನೆ. ತಾಯಿ ಒಬ್ಬಳೇ ದುಡಿದು ಮೂರು ಹೆಣ್ಣುಮಕ್ಕಳನ್ನು ಸಾಕಿದ್ದಾಳೆ. ಒಬ್ಬ ಮಗಳು ಹಟ ಹಿಡಿದು ಓದಿ ದೊಡ್ಡ ಸರ್ಕಾರಿ ಪರೀಕ್ಷೆ ಪಾಸು ಮಾಡಿ ಅಧಿಕಾರಿ ಆಗುತ್ತಾಳೆ. ಈಗ ಹೇಳಿ, ಇದು ಯಾವ ಕಥೆ? ನಮ್ಮ ಜೀ ಕನ್ನಡದ ಪುಟ್ಟಕ್ಕನ ಮಕ್ಕಳು ಅಂತೀರಿ. ಹೌದು. 2012ರ ಜಿಂದಗಿ ಗುಲ್ಜಾರ್ ಹೈ ಕೂಡ ಇದೇ. ಅಲ್ಲಿ ಪುಟ್ಟಕ್ಕನ ಜಾಗದಲ್ಲಿ ರಾಫಿಯಾ, ಮೆಸ್ ನಡೆಸುವ ಬದಲು ಟೀಚರ್. ಸ್ನೇಹಾಳ ಜಾಗದಲ್ಲಿ ಕಶಫ್. ಕದ್ದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಮೂರು ಹೆಣ್ಣು ಹೆತ್ತ ತಾಯಿಯನ್ನು ಬಿಟ್ಟು ಹೋಗುವ ಗಂಡ ಕರಾಚಿಯಲ್ಲೂ ಸಿಗುತ್ತಾನೆ, ಮಂಡ್ಯದಲ್ಲೂ ಸಿಗುತ್ತಾನೆ, ನಮ್ಮ ಸಾಗರದಲ್ಲೂ ಇದ್ದಾನೆ.

ಎರಡರಲ್ಲೂ ತಾಯಿಯ ಪಾತ್ರ ಬಹಳ ಚೆನ್ನಾಗಿದೆ. ರಾಫಿಯಾ ಅಳುವುದು ಕಮ್ಮಿ, ಲೆಕ್ಕ ಹಾಕುವುದು ಜಾಸ್ತಿ. ತೊಂದರೆ ಇರುವುದು ಕಶಫ್‌ನ ಮದುವೆ ಆದ ಮೇಲೆ. ಅಲ್ಲಿವರೆಗೆ ಮುಳ್ಳಿನಂಥ ಮಾತಿನ ಹುಡುಗಿ, ದೇವರ ಹತ್ತಿರವೂ ಜಗಳ ಆಡುವವಳು. ಜಾರೂನ್‌ನನ್ನು ಮದುವೆ ಆದ ಮೇಲೆ ಕಥೆ ಮೆಲ್ಲಗೆ ಅವಳ ಮುಳ್ಳನ್ನು ಒಂದೊಂದಾಗಿ ಕೀಳುತ್ತದೆ. ಇತ್ತ ಕೆಲಸ, ಪಾರ್ಟಿ ಅಂತ ಓಡಾಡುವ ಜಾರೂನ್‌ನ ತಾಯಿಯನ್ನು ಕಂಡರೆ ಕಥೆಗೇ ಆಗುವುದಿಲ್ಲ. ಅವನ ಒಡಹುಟ್ಟಿದ ಸಾರಾಳ ಮದುವೆ ಮುರಿಯುತ್ತದೆ. ಹೊಂದಿಕೊಂಡು ಹೋಗಲು ಬಾರದವಳು ಅನ್ನೋ ಮಾತು ಅವಳ ತಲೆಗೇ ಬರುತ್ತದೆ. ಬಡವರ ಮನೆ ಹೆಂಗಸು ದುಡಿದರೆ ತ್ಯಾಗ, ಶ್ರೀಮಂತರ ಮನೆ ಹೆಂಗಸು ದುಡಿದರೆ ಸೊಕ್ಕು. ನಮ್ಮ ಪುಟ್ಟಕ್ಕನ ಕಥೆಯೂ ಬಹಳ ಮೇಲೇನಲ್ಲ ಬಿಡಿ, ಡಿಸಿ ಆದ ಸ್ನೇಹಾಳನ್ನು ನಡುವೆಯೇ ಸಾಯಿಸಿಬಿಟ್ಟರು. ಅದಕ್ಕೆ ಅವರಿಗೆ ಏನೋ ಕಾರಣ ಇರಬಹುದು, ಮನೆಯಲ್ಲಿ ನನ್ನ ಹೆಂಡತಿ ಮಾತ್ರ ಎರಡು ದಿನ ಟಿವಿ ಹಾಕಲಿಲ್ಲ.

ಅಡಿಕೆಚಪ್ಪರ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಯಾರು ಎಷ್ಟು ಅತ್ತರು ಅಂತ ನೋಡಬೇಡಿ. ಕೊನೆಯಲ್ಲಿ ಕಥೆ ಯಾರಿಗೆ ಶಿಕ್ಷೆ ಕೊಟ್ಟಿತು, ಯಾರ ಹತ್ತಿರ ತಪ್ಪಾಯ್ತು ಅನ್ನಿಸಿತು ನೋಡಿ. ಖಿರದ್ ಅತ್ತಿದ್ದು ತಪ್ಪಲ್ಲ, ಅಂಥ ಹುಡುಗಿ ಅಳದೆ ಇನ್ನೇನು ಮಾಡುತ್ತಾಳೆ. ಅಶರ್ ಹಾಗೇ ಪಾರಾದದ್ದು ತಪ್ಪು.

ನೈಟ್‌ಡ್ಯೂಟಿ, ಹೊಸನಗರ

ನಾನು ನರ್ಸ್. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಆದ್ದರಿಂದ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು ನೋಡುವವಳು. ನನಗೆ ಅಳುವುದಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಕೆನ್ನೆಗೆ ಹೊಡೆಯುವುದು. ಹೊಡೆಯುವುದು, ಕೈ ಹಿಡಿದು ಎಳೆಯುವುದು, ಬಾಗಿಲು ಹಾಕುವುದು, ಅದರ ಹಿಂದೆ ಮಧುರವಾದ ಹಾಡು. ಹಾಡು ಬಂದ ತಕ್ಷಣ ಅದು ಪ್ರೀತಿ ಆಗಿಬಿಡುತ್ತದೆ.

ತೇರೆ ಬಿನ್ ಗೊತ್ತಿರಬೇಕು, ಜಿಯೋದಲ್ಲಿ ಬಂದದ್ದು. ಮೀರಬ್ ಲಾ ಓದಬೇಕು ಅಂದುಕೊಂಡ ಹುಡುಗಿ, ಮುರ್ತಸಿಮ್ ಊರ ಜಮೀನ್ದಾರ. ನಮ್ಮ ಡ್ಯೂಟಿ ರೂಮಿನ ಅರ್ಧ ಹುಡುಗಿಯರ ಫೋನಿನಲ್ಲಿ ಅವನದೇ ಫೋಟೋ ಇತ್ತು, ಸುಳ್ಳು ಹೇಳುವುದಿಲ್ಲ. 2023ರ ಮೇ ತಿಂಗಳಲ್ಲಿ ಒಂದು ಎಪಿಸೋಡಿನಲ್ಲಿ ಮೀರಬ್ ಅವನಿಗೆ ಹೊಡೆದು ಮುಖಕ್ಕೆ ಉಗಿಯುತ್ತಾಳೆ. ಅವನು ಬಾಗಿಲು ಹಾಕುತ್ತಾನೆ. ಮುಂದಿನ ವಾರದ ತುಣುಕು ನೋಡಿದ ಮೇಲೆ ಒಳಗೆ ಏನಾಯಿತು ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿಯ ಜನ ಸೋಶಿಯಲ್ ಮೀಡಿಯಾದಲ್ಲಿ ಎಷ್ಟು ಕೂಗಾಡಿದರು ಅಂದರೆ ಚಾನೆಲ್‌ನವರು ಮುಂದಿನ ಎಪಿಸೋಡನ್ನೇ ಬದಲಾಯಿಸಿ, ಇಬ್ಬರ ಒಪ್ಪಿಗೆಯಿಂದಲೇ ಆಯಿತು ಅನ್ನುವ ಹಾಗೆ ಮಾಡಿದರು. ಕೂಗಾಡಿದ್ದು ಒಳ್ಳೆಯದೇ. ಆದರೆ ಆ ಬದಲಾವಣೆ ನನಗೆ ಇನ್ನೂ ಕೆಟ್ಟದಾಗಿ ಕಂಡಿತು. ಆದದ್ದನ್ನು ತಪ್ಪು ಅಂತ ತೋರಿಸುವ ಧೈರ್ಯ ಇರಲಿಲ್ಲ, ಆಗಲೇ ಇಲ್ಲ ಅಂದುಬಿಟ್ಟರು.

ಇಲ್ಲಿ ನಾವು ಅವರನ್ನು ನೋಡಿ ನಗುವ ಹಾಗಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಇವತ್ತಿಗೂ ಗಂಡ ಹೆಂಡತಿಯ ಮೇಲೆ ಬಲಾತ್ಕಾರ ಮಾಡಿದರೆ, ಹೆಂಡತಿಗೆ 18 ಆಗಿದ್ದರೆ, ಅದು ಅತ್ಯಾಚಾರ ಅಲ್ಲ. ಹಳೆ ಐಪಿಸಿಯಲ್ಲಿ ಇದ್ದ ಆ ವಿನಾಯಿತಿಯನ್ನು ಹೊಸ ನ್ಯಾಯ ಸಂಹಿತೆಯಲ್ಲೂ ಹಾಗೇ ಇಟ್ಟಿದ್ದಾರೆ. ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಅಂತ ಹೇಳಿಕೊಂಡು ಬರುವವರಿಗೆ ಡ್ರೆಸ್ಸಿಂಗ್ ಮಾಡುವವಳು ನಾನು. ಭದ್ರೆದಂಡೆಯವರೇ, ಒಬ್ಬಳ ಕಥೆ ಅಷ್ಟೇ ಅಂತ ನೀವು ಸುಲಭವಾಗಿ ಹೇಳಿದ್ದೀರಿ. ಬಚ್ಚಲಲ್ಲಿ ಇಷ್ಟು ಜನ ಜಾರುವುದಿಲ್ಲ.

ಭದ್ರೆದಂಡೆ, ಭದ್ರಾವತಿ

ನೈಟ್‌ಡ್ಯೂಟಿಯವರೇ, ಆ ವಿಷಯಕ್ಕೆ ನನ್ನ ತಕರಾರು ಇಲ್ಲ. ಹೊಡೆಯುವುದನ್ನು ಹಾಡು ಹಾಕಿ ತೋರಿಸುವುದು ತಪ್ಪೇ. ಆದರೆ ಮೆಹವಿಶ್ ಬಗ್ಗೆ ನಾನು ಹೇಳಿದ್ದು ಹೇಳಿದ್ದೇ. ಮೇಷ್ಟ್ರ ಅಳತೆಯಲ್ಲೇ ನೋಡಿದರೂ ಅಲ್ಲಿ ಸತ್ತದ್ದು ಗಂಡ, ಹಾರ್ಟ್ ಅಟ್ಯಾಕ್ ಆಗಿ. ಹೆಂಡತಿ ಬದುಕಿಯೇ ಇದ್ದಾಳೆ.

ಮೇಷ್ಟ್ರು, ಸಾಗರ

ಅದು ಶಿಕ್ಷೆ ಅಲ್ಲ ಸ್ವಾಮಿ, ಅದು ಹುತಾತ್ಮ ಪದವಿ. ಅವನು ಸತ್ತು ದೊಡ್ಡವನಾದ, ಅವಳು ಬದುಕಿ ಜೀವನಪೂರ್ತಿ ಕೊರಗಬೇಕು. ಯಾರಿಗೆ ಶಿಕ್ಷೆ ಆಯಿತು ನೀವೇ ಹೇಳಿ.

ದಖನಿಮನೆ, ಶಿವಮೊಗ್ಗ

ಇಬ್ಬರೂ ಸ್ವಲ್ಪ ಟೀ ಕುಡಿಯಿರಿ. ನಾನು ಒಳ್ಳೆಯದನ್ನೂ ಹೇಳುತ್ತೇನೆ, ಇಲ್ಲದಿದ್ದರೆ ಓದಿದವರು ಅಲ್ಲಿ ಬರೀ ಹೊಡೆತ, ಅಳು ಅಂದುಕೊಳ್ಳುತ್ತಾರೆ.

2016ರ ಉಡಾರಿ. ಕಶ್ಫ್ ಫೌಂಡೇಶನ್ ಅಂತ ಹೆಂಗಸರಿಗೆ ಸಣ್ಣ ಸಾಲ ಕೊಡುವ ಸಂಸ್ಥೆ, ಅವರು ಸೇರಿ ಮಾಡಿದ್ದು. ಮಲತಂದೆ ಚಿಕ್ಕ ಹುಡುಗಿಯ ಮೇಲೆ ಕೈ ಹಾಕುವ ವಿಷಯ. ಟಿವಿ ಮೇಲೆ ನಿಗಾ ಇಡುವ ಅಲ್ಲಿಯ ಸರ್ಕಾರಿ ಸಂಸ್ಥೆ ಪೆಮ್ರಾ ನೋಟಿಸ್ ಕೊಟ್ಟಿತು. ಹೊಡೆಯುವ ಗಂಡನಿಗೆ ನೋಟಿಸ್ ಬರುವುದು ಅಪರೂಪ, ಮಗುವಿನ ಕಥೆ ಹೇಳಿದವರಿಗೆ ಬಂತು ನೋಡಿ! ಹಮ್‌ಸಫರ್ ಬರೆದ ಫರ್ಹತ್ ಇಶ್ತಿಯಾಕ್ ಅವರೇ ಇದನ್ನೂ ಬರೆದದ್ದು. ಅದೇ ಕೈ. ಹಾಗಾಗಿ ಲೇಖಕಿಯರಿಗೆ ಗೊತ್ತಿಲ್ಲ ಅಂತ ಹೇಳಬೇಡಿ.

2020ರಲ್ಲಿ ಚುಡೈಲ್ಸ್ ಬಂತು, ಜೀ5ನಲ್ಲಿ. ಕರಾಚಿಯ ನಾಲ್ಕು ಹೆಂಗಸರು ಬುರ್ಖಾ ಅಂಗಡಿಯ ಹಿಂದೆ ಪತ್ತೇದಾರಿ ನಡೆಸುತ್ತಾರೆ, ಮೋಸ ಮಾಡುವ ಗಂಡಂದಿರನ್ನು ಹಿಡಿಯುವುದಕ್ಕೆ. ಬೈಗುಳ ಜಾಸ್ತಿ ಇದೆ, ಅತ್ತೆ ಮಾವನ ಎದುರಿಗೆ ಹಾಕಬೇಡಿ.

ಆಮೇಲೆ 2024ರ ಕಭೀ ಮೈಂ ಕಭೀ ತುಮ್. ಮತ್ತೆ ಫರ್ಹತ್ ಇಶ್ತಿಯಾಕ್. ಶರ್ಜೀನಾಳನ್ನು ಮದುವೆ ಆಗಬೇಕಿದ್ದ ಅಣ್ಣ ದುಡ್ಡಿನ ಆಸೆಗೆ ಕೈ ಕೊಡುತ್ತಾನೆ, ಕೆಲಸ ಇಲ್ಲದ ತಮ್ಮ ಮುಸ್ತಫಾ ಮದುವೆ ಆಗುತ್ತಾನೆ. ಇಬ್ಬರೂ ಮನೆ ಬಿಟ್ಟು ಬಂದು ಬೇರೆ ಇರುವಾಗ ಶರ್ಜೀನಾಳ ಕೆಲಸ ಮನೆ ನಡೆಸುತ್ತದೆ, ಅವನಿಗೆ ಅದರಲ್ಲಿ ಅವಮಾನ ಅಂತ ಕಥೆ ಗೋಳಾಡುವುದಿಲ್ಲ. ಆಮೇಲೆ ಅವನಿಗೆ ದುಡ್ಡು ಬಂದು ತಲೆ ತಿರುಗುತ್ತದೆ. ಅವಳು ಎದ್ದು ತವರಿಗೆ ಹೋಗುತ್ತಾಳೆ. ತಪ್ಪಾಯ್ತು ಅಂತ ಬರಬೇಕಾದವನು ಅವನು. ಮೇಷ್ಟ್ರ ಅಳತೆಗೆ ಇದು ಪಾಸು, ಅಲ್ವಾ ಸರ್?

ಇನ್ನೊಂದು ಮಾತು ಬಾಕಿ ಇದೆ. ಈ ಲೇಖಕಿಯರು ಬಂದಿರುವುದು ಹೆಂಗಸರ ಡೈಜೆಸ್ಟ್‌ಗಳಿಂದ. ಖವಾತೀನ್, ಶುಆ ಅಂತೆಲ್ಲ ತಿಂಗಳಿಗೊಮ್ಮೆ ಬರುವ ದಪ್ಪ ಪುಸ್ತಕ. ಜಿಂದಗಿ ಗುಲ್ಜಾರ್ ಹೈ ಬರೆದ ಉಮೇರಾ ಅಹ್ಮದ್, ಈ ಫರ್ಹತ್ ಇಶ್ತಿಯಾಕ್ ಇಬ್ಬರೂ ಅಲ್ಲೇ ಬರೆದು ಬೆಳೆದವರು. ನಮ್ಮಲ್ಲಿ ವಾರಪತ್ರಿಕೆಯ ಧಾರಾವಾಹಿಗೆ ಅಕ್ಕಪಕ್ಕದ ಮನೆಯವರೆಲ್ಲ ಕಾಯುತ್ತಿದ್ದರಲ್ಲ, ಹಾಗೆ ಅಲ್ಲಿ ಓದುವವರು ಸಣ್ಣ ಊರಿನ ಹೆಂಗಸರು, ಮನೆ ಬಿಟ್ಟು ಹೋಗಲು ಜಾಗ ಇಲ್ಲದವರು. ಅವರಿಗೆ ಬಾಗಿಲು ತೆಗೆದು ಹೋಗುವ ನಾಯಕಿಗಿಂತ, ಕೊನೆಗೆ ಗಂಡನೇ ಸೋತು ತಲೆ ತಗ್ಗಿಸುವ ಕಥೆ ಬೇಕಾಗುತ್ತದೆ. ಅಡಿಕೆಚಪ್ಪರ ಅಕ್ಕ, ನಿಮ್ಮ ಸಿಟ್ಟು ಸರಿ. ಆದರೆ ಖಿರದ್ ವಾಪಸ್ ಬಂದು ಅಶರ್‌ನ ಎದುರಿಗೆ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುವ ಸೀನ್‌ಗೆ ನನ್ನ ಅಮ್ಮಿ ಚಪ್ಪಾಳೆ ಹೊಡೆದಿದ್ದರು. ಅವರು ನೋಡಿದ್ದು ಸಹಿಸಿಕೊಂಡವಳನ್ನಲ್ಲ.

ಅಡಿಕೆಚಪ್ಪರ, ತೀರ್ಥಹಳ್ಳಿ

ಅದು ನನಗೆ ಹೊಳೆದಿರಲಿಲ್ಲ. ಆದರೂ ಒಂದು ತಲೆ ತಗ್ಗಿಸುವುದಕ್ಕೆ ಅಷ್ಟು ವರ್ಷ ಕೊಡಬೇಕಾ ಮಾರಾಯ್ತಿ? ನನಗಂತೂ ಜಾರಾಳೇ ಸರಿ ಅನಿಸುತ್ತಿದ್ದಾಳೆ, ಇನ್ನೂ ನೋಡದೆಯೇ. ತನ್ಹಾಯಿಯಾಂ ಎಲ್ಲಿ ಸಿಗುತ್ತದೆ ಈಗ?

ದಖನಿಮನೆ, ಶಿವಮೊಗ್ಗ

ಆನ್‌ಲೈನ್‌ನಲ್ಲಿ ಇಲ್ಲಿಂದ ಕಷ್ಟ. ಅಮ್ಮಿಯ ಟ್ರಂಕಿನಲ್ಲಿ ಕ್ಯಾಸೆಟ್ ಇದೆ, ನಮ್ಮ ಮನೆಯ ವಿಸಿಆರ್ ಸತ್ತು ಎಷ್ಟೋ ವರ್ಷ ಆಯಿತು. ನಿಮ್ಮ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಒಂದು ಇದ್ದರೆ ಹೇಳಿ, ಕ್ಯಾಸೆಟ್ ಬಸ್ಸಿನಲ್ಲಿ ಕಳಿಸುತ್ತೇನೆ. ಬೂಷ್ಟು ಹಿಡಿದಿರಬಹುದು, ಹಾಕುವ ಮುಂಚೆ ಒಮ್ಮೆ ಒರೆಸಿ.